ಬಸ್ಸಿನ ಮೂತಿಯ ಕೆಳಗೆ

ಮೂವತ್ತು ವರ್ಷ ಬೆಳ್ತಂಗಡಿ–ಮೂಡುಬಿದಿರೆ ಬಸ್ಸು ಬಿಟ್ಟ ಡೊಂಬಯ್ಯ ಈಗ ರವಿಶಂಕರ್ ಡಾಕ್ಟರರ ಮನೆಯ ಡ್ರೈವರ್. ಡಾಕ್ಟರರ ಹೊಸ ಕಾರಿಗೆ ತಲೆಯ ಮೇಲೆ ಮಾಡೂ ಇಲ್ಲ, ಬಾಗಿಲೂ ಇಲ್ಲ, ಎತ್ತರ ಸೊಂಟದಷ್ಟೂ ಇಲ್ಲ. “ಇದು ಕಾರಲ್ಲ ಡಾಕ್ಟ್ರೇ, ಚಕ್ರ ಇಟ್ಟ ಮಣೆ,” ಎಂದು ಗೊಣಗುತ್ತಲೇ ಡೊಂಬಯ್ಯ ಅದರಲ್ಲಿ ಒಬ್ಬರೇ ಹೊರಟರು.

ಮೂಡುಬಿದಿರೆ ಪೇಟೆಯಲ್ಲಿ ಎದುರಿನ ರಿಕ್ಷಾ ನಿಂತಿತೆಂದು ಇವರೂ ನಿಂತರು. ಹಿಂದೆಯೇ ಒಂದು ಬಸ್ಸು ಬಂದು ತಾಗುವಷ್ಟು ಹತ್ತಿರ ನಿಂತು ಜನ ಇಳಿಸತೊಡಗಿತು. ಡೊಂಬಯ್ಯ ತಿರುಗಿ ನೋಡಿದರು; ಬಸ್ಸಿನ ಮೂತಿ ಮಾತ್ರ ಕಂಡಿತು, ಡ್ರೈವರ್ ಕಾಣಲಿಲ್ಲ. ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಮೂತಿಯ ಕೆಳಗೆ ನಾಯಿ ಮಲಗಿದ್ದರೂ ಕಾಣುವುದಿಲ್ಲ. ರಿಕ್ಷಾ ಹೋಯಿತು. ಗೇರು ಹಾಕಿಯೇ ಇತ್ತು, ಕಾಲು ಮಾತ್ರ ಕ್ಲಚ್ಚಿನ ಮೇಲೆ ಮರಗಟ್ಟಿತ್ತು.

ಹಿಂದೆ ಕಂಡಕ್ಟರ್ ಹೊರಡುವ ವಿಸಿಲ್ ಹೊಡೆದ.

ಮೂವತ್ತು ವರ್ಷ ಆ ಸದ್ದಿಗೇ ಕ್ಲಚ್ಚಿನಿಂದ ಎದ್ದ ಕಾಲು ತಾನಾಗಿ ಎದ್ದಿತು. ಕಾರು ಮುಂದಕ್ಕೆ ಚಿಮ್ಮಿತು. ಬಸ್ಸು ಅವರು ನಿಂತಿದ್ದ ಜಾಗವನ್ನು ತುಳಿದುಕೊಂಡೇ ಬಂತು.