ಫೋನ್ ಮಾತ್ರ ನೀವೇ ಮಾಡಬೇಕು

ನನ್ನ ಅಕ್ಕ ಕೆಲಸ ಮಾಡುತ್ತಿದ್ದ ಸಂಸ್ಥೆಯ ಸಂಸ್ಥಾಪಕರನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಲಿ, ಹೊಗಳುವವರ ಬಾಯಿಗೆ ನಾನು ಬೀಗ ಹಾಕಲಾರೆ. ಆದರೆ ಆ ಹೊಗಳಿಕೆಯ ಮುಕ್ಕಾಲು ಪಾಲು ನಮ್ಮ ಅಡುಗೆಮನೆ ಪಕ್ಕದ ಮೂಲೆಗೆ ಸೇರಬೇಕಾದದ್ದು. ಅದನ್ನು ಹೇಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಆ ಮೂಲೆಯಲ್ಲಿ ಅಕ್ಕ ಕೂರುತ್ತಿದ್ದಳು, ಪಕ್ಕದಲ್ಲೇ ನಾನು ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಅಲ್ಲಿ ನೆಲ ಒಂದು ತುದಿಯಲ್ಲಿ ಮಾತ್ರ ಇಳಿಜಾರು. ನಮ್ಮಪ್ಪ ಬಡಗಿ, ಅದಕ್ಕೇ ಒಂದು ಕಾಲನ್ನು ತುಸು ಉದ್ದ ಬಿಟ್ಟು ಅವಳಿಗೊಂದು ಮೇಜು ಮಾಡಿಕೊಟ್ಟಿದ್ದರು. ಬೇರೆಲ್ಲಿಟ್ಟರೂ ಅದು ಕುಂಟುತ್ತದೆ, ಆ ಮೂಲೆಯಲ್ಲಿ ಮಾತ್ರ ಅಲ್ಲಾಡದೆ ನಿಲ್ಲುತ್ತದೆ. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ದೂರದ ಊರಿನಲ್ಲಿದ್ದ ಆ ಮಹಾನುಭಾವರ ಸಹಾಯಕಿಯಾಗಿ ಅವರ ಬದುಕನ್ನೇ ಅವಳು ನಡೆಸುತ್ತಿದ್ದಳು. ಕಿವಿ ಕೇಳದ ಮಕ್ಕಳಿಗೆ ಶ್ರವಣಯಂತ್ರ ಕೊಡಿಸುವ ಸಂಸ್ಥೆ ಅವರದು. ಒಳ್ಳೆಯ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಒಂದು ಕಡೆ ನಿಂತ ಮನುಷ್ಯನಲ್ಲ. ಯಾವ ರೈಲು, ಯಾವ ಸಭೆ, ಯಾರಿಗೆ ಹೂಂ, ಯಾರಿಗೆ ಉಹೂಂ, ಮಾತ್ರೆ ನುಂಗಿದರೋ ಇಲ್ಲವೋ, ಹೆಂಡತಿಯ ಹುಟ್ಟಿದ ದಿನ ಯಾವಾಗ, ಎಲ್ಲ ಅಕ್ಕನ ತಲೆಯಲ್ಲಿತ್ತು. ಇಷ್ಟಾಗಿಯೂ ಅವರು ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಬರೀ "ಅಮ್ಮಾ". ಅದೂ ಸಂದೇಶದಲ್ಲಿ. ಮುಖಾಮುಖಿಯಂತೂ ಇಲ್ಲವೇ ಇಲ್ಲ.

ಒಂದೇ ಒಂದು ವಿಷಯಕ್ಕೆ ಅಕ್ಕ ಹಟ ಹಿಡಿದಿದ್ದಳು.

"ಬಾಕಿ ಎಲ್ಲ ನಾನು ನೋಡ್ಕೋತೀನಿ ಸರ್. ನಮ್ಮ ಸಂಸ್ಥೆಯೋರ ಮನೇಲಿ ಯಾರಾದ್ರೂ ತೀರಿಹೋದ್ರೆ, ಫೋನ್ ಮಾತ್ರ ನೀವೇ ಮಾಡ್ಬೇಕು."

ಅವರು ಒಪ್ಪಿದರು. ಒಪ್ಪುವುದಕ್ಕೇನು, ನೆನಪಿಸುವವಳು ಇವಳೇ ತಾನೆ. ಯಾರಿಗೆ ಮಾಡಬೇಕು, ಯಾವ ನಂಬರು, ಹೋದವರು ಯಾರು, ಅವರ ಬಗ್ಗೆ ಹೇಳಲು ಒಂದು ಒಳ್ಳೆಯ ಮಾತು, ಎಲ್ಲವನ್ನೂ ಅವಳೇ ಅವರ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳು. ಆ ಒಂದು ಮಾತಿಗಾಗಿ ನಾಲ್ಕು ಜನರನ್ನು ವಿಚಾರಿಸುತ್ತಿದ್ದಳು. ಅವರು ಕಾರಿನಲ್ಲಿ ಕೂತು ಅದನ್ನು ಓದಿ ಹೇಳಿ, ಮುಗಿದ ಕೂಡಲೇ ಅಕ್ಕನಿಗೆ ಸಂದೇಶ ಹಾಕುತ್ತಿದ್ದರು: "ಆಯ್ತು, ಮಾತಾಡಿದೆ. ಮುಂದೇನು?" ಅಕ್ಕ ಗುರುತು ಹಾಕಿ ಮುಂದಿನ ಕೆಲಸ ಹೇಳುತ್ತಿದ್ದಳು. ಅತ್ತ ತಾಯಿಯನ್ನು ಕಳೆದುಕೊಂಡಿದ್ದ ಸಂಸ್ಥೆಯ ವ್ಯಾನ್ ಚಾಲಕ, "ನಮ್ಮಮ್ಮ ನಂಗೆ ಸೈಕಲ್ ಕಲಿಸಿದ್ದು ಸಾಹೇಬ್ರಿಗೆ ಗೊತ್ತಿತ್ತು" ಎಂದು ಕಂಡಕಂಡವರ ಮುಂದೆಲ್ಲ ಕಣ್ಣೊರೆಸಿಕೊಂಡ. ಗೆದ್ದಲು ಹುತ್ತ ಕಟ್ಟಿದರೆ ಹಾವು ಸೇರಿಕೊಂಡಿತಂತೆ.

ಒಂದು ಮಧ್ಯಾಹ್ನ ಅಪ್ಪ ಅಂಗಡಿಯಲ್ಲಿ ಹಲಗೆ ನಯ ಮಾಡುತ್ತಿದ್ದವರು ಹಾಗೇ ಕುಸಿದು ಪ್ರಾಣ ಬಿಟ್ಟರು. ಅಕ್ಕ ರಜೆ ಬೇಕೆಂದು ಬರೆದಳು, ಕಾರಣವನ್ನೂ ಬರೆದಳು. ಅವರಿಂದ ಬಂದದ್ದು ಒಂದು ಹೆಬ್ಬೆರಳಿನ ಚಿತ್ರ.

"ಓಡಾಟದಲ್ಲಿರ್ತಾರೆ. ಫೋನ್ ಮಾಡೇ ಮಾಡ್ತಾರೆ," ಅಂದಳು.

ಬಂದವರ ಹೆಗಲ ಮೇಲೆ ತಲೆಯಿಟ್ಟು ಅಳುವಾಗಲೂ ಫೋನು ಅವಳ ಮುಷ್ಟಿಯಲ್ಲೇ ಇತ್ತು. ಸ್ನಾನಕ್ಕೆ ಹೋದರೆ ಬಚ್ಚಲ ಕಿಟಕಿಯ ಮೇಲೆ. ಅವಳಿಗೆ ಬೇಕಿದ್ದದ್ದು ಇಷ್ಟೇ: ಯಾರೂ ಹೇಳಿಕೊಡದೆ ಆ ಮನುಷ್ಯ ಒಂದು ಸಲ ಫೋನ್ ಮಾಡಬೇಕು. ಇಷ್ಟು ವರ್ಷ ಜೀವ ತೇಯ್ದದ್ದು ಮನುಷ್ಯನಿಗೋ ಗೋಡೆಗೋ ಎಂದು ಅವಳಿಗೆ ತಿಳಿಯಬೇಕಿತ್ತು.

ಕೊನೆಗೊಂದು ದಿನ ಅವರ ಧ್ವನಿ ಸಂದೇಶ ಬಂತು. ಅಕ್ಕ ಕಣ್ಣೊರೆಸಿಕೊಂಡು ಅದನ್ನು ಒತ್ತಿದಳು.

"ಅಮ್ಮಾ, ನಾಳೆ ಸಭೆ ಫೈಲ್ ಎಲ್ಲಿದೆ? ಬೇಗ ಹೇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಕೊಡು ಇಲ್ಲಿ ಫೋನು," ಅಂದೆ. "ಊರ ಮಕ್ಕಳಿಗೆಲ್ಲ ಯಂತ್ರ ಕೊಡಿಸ್ತಾರಲ್ಲ, ತಮಗೂ ಒಂದು ಜೊತೆ ಹಾಕ್ಕೊಳ್ಳಿ ಅಂತ ಹೇಳ್ತೀನಿ."

ಅಕ್ಕ ಕೊಡಲಿಲ್ಲ. "ಅವರ ತಪ್ಪಲ್ಲ ಕಣೇ. ನೆನಪಿಸೋಳು ನಾನು. ನಾನೇ ರಜೆ ಹಾಕಿದ್ರೆ ಯಾರು ನೆನಪಿಸ್ತಾರೆ?"

ಹೊಡೆಸಿಕೊಂಡವಳೇ ಕೋಲಿಗೆ ಎಣ್ಣೆ ಹಚ್ಚುವುದನ್ನು ನಾನು ಅಂದೇ ಕಂಡದ್ದು. ಅವಳ ಮೇಲೂ ಸಿಟ್ಟು ಬಂದು, ಸಂಜೆಯವರೆಗೆ ಮಾತು ಬಿಟ್ಟೆ. ಫೈಲ್ ಎಲ್ಲಿದೆ ಎಂದು ಅವಳು ಹೇಳಿಕೊಟ್ಟದ್ದೂ ಆಯಿತು.

ಕೆಲಸಕ್ಕೆ ಮರಳಿದ ಬೆಳಿಗ್ಗೆ ಅವಳು ಅಪ್ಪನ ಮೇಜನ್ನು ಸೆರಗಿನಿಂದ ಒರೆಸಿ, ಅವರ ಕ್ಯಾಲೆಂಡರ್ ತೆರೆದು ಏನೋ ಬರೆದಳು. ಇಣುಕಿ ನೋಡಿದೆ. ಫೋನ್ ಯಾರಿಗೆ ಎಂಬಲ್ಲಿ ತನ್ನ ಹೆಸರು, ತನ್ನ ನಂಬರು. ಕೆಳಗೆ: 'ತಂದೆ ಹೋದರು. ಬಡಗಿ. ಇಳಿಜಾರು ನೆಲಕ್ಕೆ ಹೊಂದುವಂತೆ ಮಗಳಿಗೆ ಮೇಜು ಮಾಡಿಕೊಟ್ಟಿದ್ದರು.'

"ಭಿಕ್ಷೆ ಬೇಡ್ತಿದೀಯಾ?" ಎಂದೆ.

"ನನ್ನ ಹೆಸರು ನೋಡಿದ್ರಾದ್ರೂ ನೆನಪಾಗುತ್ತಾ ನೋಡೋಣ," ಎಂದಳು.

ಕ್ಯಾಲೆಂಡರಿನಲ್ಲಿ ಅವಳು ಬರೆದಿಟ್ಟ ಹೊತ್ತಿಗೆ ಸರಿಯಾಗಿ ಫೋನ್ ಬಂತು. ನನಗೂ ಕೇಳಲೆಂದು ಅಕ್ಕ ಸ್ಪೀಕರ್ ಹಾಕಿದಳು. ದನಿ ಬೆಣ್ಣೆಯಂತಹುದು, ಸುಳ್ಳೇಕೆ ಹೇಳಲಿ.

"ನಿಮ್ಮ ತಂದೆಯವರ ವಿಷಯ ತಿಳೀತು. ತುಂಬ ನೋವಾಯ್ತು. ಇಳಿಜಾರು ನೆಲಕ್ಕೆ ಹೊಂದೋ ಹಾಗೆ ಮಗಳಿಗೆ ಮೇಜು ಮಾಡಿಕೊಟ್ಟೋರು. ಅಂಥ ಕೈ ಇನ್ನೆಲ್ಲಿ ಸಿಗುತ್ತೆ? ಧೈರ್ಯವಾಗಿರಿ. ಏನೇ ಬೇಕಿದ್ರೂ ನನ್ನ ಸಹಾಯಕಿಗೆ ಒಂದು ಮಾತು ಹೇಳಿ, ಅವರು ನೋಡ್ಕೋತಾರೆ."

"ಹೂಂ ಸರ್," ಎಂದಳು ಅಕ್ಕ.

ಕೆಳಗಿಟ್ಟ ಫೋನು ತಕ್ಷಣ ಮತ್ತೆ ಸದ್ದು ಮಾಡಿತು. ಅವರದೇ ಸಂದೇಶ: "ಆಯ್ತು, ಮಾತಾಡಿದೆ. ಮುಂದೇನು?"

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕ ಮಾತ್ರ ಎಂದಿನಂತೆ ಮುಗಿಯಿತೆಂದು ಗುರುತು ಹಾಕಿದಳು. ಆಮೇಲೆ ಮುಂದಿನ ಸಾಲು ಬರೆದಳು: 'ಇವತ್ತೇ ಹೊಸ ಸಹಾಯಕಿಯನ್ನು ಹುಡುಕಿ. ಹಳಬಳು ಕೆಲಸ ಬಿಟ್ಟಳು.'

"ಫೋನ್ ಮಾಡಿ ಮುಖಕ್ಕೆ ಹೊಡೆದ ಹಾಗೆ ಹೇಳೋಕೇನು ರೋಗ ನಿಂಗೆ?" ಎಂದೆ.

"ಇಲ್ಲಿ ಬರೆದಿಡದಿದ್ರೆ ಅವರಿಗೆ ಗೊತ್ತೇ ಆಗಲ್ಲ ಕಣೇ," ಎಂದು ಲ್ಯಾಪ್‌ಟಾಪ್ ಮುಚ್ಚಿದಳು.