ದಿನಕ್ಕೆ ಕಾಲು ಸುತ್ತು

ಕೊರೊನಾ ಕರ್ಫ್ಯೂ ಬೆಳಗಿನ ನಾಲ್ಕೂವರೆಗೆ ಮುಗಿಯುತ್ತದೆ. ಐದಕ್ಕೆಲ್ಲ ನೀಲಾಂಬಿಕಾ ಡಚ್ ಊರು ಹಾರ್ಲೆಮ್‌ನ ಪೀಠೋಪಕರಣ ರಿಪೇರಿ ಅಂಗಡಿಯ ಹಿಂಬಾಗಿಲು ತೆಗೆದಿರುತ್ತಾರೆ. ಫೆಬ್ರವರಿಯ ಚಳಿ, ಮರ ಒಣಗೀತೆಂದು ಹೀಟರ್ ಹಚ್ಚುವುದಿಲ್ಲ. ಬೆಂಚಿನ ಮೇಲೆ ಐರ್ಲೆಂಡಿನ ಹಳೆಯ ಮಾದರಿಯ ಹಾರ್ಪ್: ವಿಲೋ ಎಂಬ ಮೆದು ಮರದ ಒಂದೇ ದಿಮ್ಮಿಯಲ್ಲಿ ಕೊರೆದ ಪೆಟ್ಟಿಗೆ, ಇಪ್ಪತ್ತೊಂಬತ್ತು ಹಿತ್ತಾಳೆ ತಂತಿ. ಪ್ರತಿ ತಂತಿಯ ಗೂಟಕ್ಕೆ ಕಾಲು ಸುತ್ತು, ಅಷ್ಟೇ. ಆಮೇಲೆ ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಾರೆ. ಇಂದು ಹದಿನೇಳನೆಯ ದಿನ.

“ಟಿಕ್ ಅಂತು ಅಂದ್ರ ಮುಗೀತು. ಇನ್ನೊಮ್ಮೆ ಸೀಳಿದ್ರ ಕೂಡಸಾಕ ಮರನ ಉಳಿದಿಲ್ಲ,” ಎನ್ನುತ್ತಾರೆ.

ಮೊದಲ ಸೀಳು ಇವರ ಕೈಯಿಂದಲೇ ಆದದ್ದು. ಧಾರವಾಡದಲ್ಲಿ ಅಪ್ಪ ತಂಬೂರಿ ರಿಪೇರಿ ಮಾಡುತ್ತಿದ್ದರು. “ಅಪ್ಪ ಒಂದ ದಿನದಾಗ ಶ್ರುತಿಗೆ ತರತಿದ್ರು. ನಾನೂ ಹಂಗ ಬಿಗಿದೆ. ಇದು ತಂಬೂರಿ ಬುರುಡಿ ಅಲ್ಲ, ವಿಲೋ ಅನ್ನೋದ ಮರತೆ.” ಸಂಜೆಗೆ ಪೆಟ್ಟಿಗೆ ಗೇಣುದ್ದ ಬಾಯಿ ಬಿಟ್ಟಿತ್ತು. ಮೇಣ ತುಂಬಿ, ಬಣ್ಣ ಬಳಿದು ಮುಚ್ಚಬಹುದಿತ್ತು. ಅವರು ಹಾರ್ಪ್‌ನ ಒಡೆಯರಿಗೆ ಫೋನ್ ಮಾಡಿದರು.

ಹಾರ್ಪ್ ಫಿಂಟನ್ ಎಂಬ ಐರಿಷ್ ಮುದುಕರದು. ಎಂಬತ್ತಾರು ವರ್ಷ, ಊರಂಚಿನ ವೃದ್ಧಾಶ್ರಮದಲ್ಲಿದ್ದಾರೆ, ಬೆರಳು ಮಡಚುವುದಿಲ್ಲ. ಅದರ ದನಿಯನ್ನು ಇನ್ನೊಮ್ಮೆ ಕೇಳಬೇಕು, ಅವರ ಬೇಡಿಕೆ ಅದೊಂದೇ. ತಪ್ಪೊಪ್ಪಿಗೆ ಕೇಳಿ ಅವರು ಬೈಯಲಿಲ್ಲ, ಕತೆ ಹೇಳಿದರು. ಲೌರಿ ಎಂಬ ಅರಸನಿಗೆ ಕುದುರೆ ಕಿವಿ. ಕೂದಲು ಕತ್ತರಿಸಿದವರನ್ನೆಲ್ಲ ಕೊಲ್ಲಿಸುತ್ತಿದ್ದ. ವಿಧವೆಯೊಬ್ಬಳ ಒಬ್ಬನೇ ಮಗನನ್ನು ಮಾತ್ರ ಆಣೆ ಹಾಕಿಸಿ ಬಿಟ್ಟ. ಗುಟ್ಟು ಹೊತ್ತು ಹುಡುಗ ಹಾಸಿಗೆ ಹಿಡಿದ. ಕೊನೆಗೆ ವಿಲೋ ಮರವೊಂದರ ಮುಂದೆ ಹೇಳಿ ಹಗುರಾದ. ಆ ಮರವನ್ನೇ ಕಡಿದು ಹಾರ್ಪ್ ಮಾಡಿದರು. ತುಂಬಿದ ಸಭೆಯಲ್ಲಿ ಅದು ಹಾಡಿದ್ದು ಒಂದೇ ಮಾತು: ಅರಸನಿಗೆ ಕುದುರೆ ಕಿವಿ!

“ನೀನೇ ಹೇಳಿದ್ದು ಒಳ್ಳೇದಾಯ್ತು,” ಎಂದರಂತೆ ಫಿಂಟನ್. “ಇಲ್ದಿದ್ರೆ ಅದೇ ಹೇಳ್ತಿತ್ತು.”

ಡೆಲ್ಫ್ಟ್ ಊರಿನ ಆಫೀಸು ಕೆಲಸವನ್ನು ಈಗ ಮನೆಯಿಂದಲೇ ಮಾಡುವ ಪತಿ ಸೋಮಶೇಖರರಿಗೆ ಇದೆಲ್ಲ ತಮಾಷೆ. “ನನಗ ಚಾ ಮಾಡಾಕ ಐದ್ ನಿಮಿಷ ಇಲ್ಲ, ಆ ಕಟಗಿಗೆ ಹದಿನೆಂಟ್ ದಿನ!”

“ನೀವು ಸೀಳೂದಿಲ್ಲಲ್ರೀ,” ಎನ್ನುತ್ತಾರೆ ಇವರು.

ಅಂಗಡಿಯ ಬೋರ್ಡಿನ ಮೇಲೆ ಇವರ ಹೆಸರಿಲ್ಲ. ಹಗಲೆಲ್ಲ ಕುರ್ಚಿಯ ಕಾಲು, ಮೇಜಿನ ಡ್ರಾಯರ್. ಹಾರ್ಪ್‌ಗೆ ಸಿಗುವುದು ಈ ಮೂರು ಗಂಟೆ ಮಾತ್ರ. ಸೋಂಕಿನ ಭಯಕ್ಕೆ ಆಶ್ರಮದ ಒಳಗೆ ಯಾರನ್ನೂ ಬಿಡುವುದಿಲ್ಲ. ಕಿಟಕಿಯನ್ನಾದರೂ ಒಂದಿಷ್ಟು ತೆಗೆಯಿರಿ ಎಂದು ನಾಲ್ಕು ಸಲ ಪತ್ರ ಬರೆದರು. ಐದನೆಯ ಸಲಕ್ಕೆ ಉತ್ತರ ಬಂತು: ಭಾನುವಾರ, ಹತ್ತು ನಿಮಿಷ, ನಾಲ್ಕು ಬೆರಳಗಲ.

ಭಾನುವಾರ. ಕೊನೆಯ ಕಾಲು ಸುತ್ತು ಬೆಳಿಗ್ಗೆಯೇ ಮುಗಿದಿದೆ. ಮುಂದೆ ಪೆಟ್ಟಿಗೆಯಿರುವ ಸೈಕಲ್‌ನಲ್ಲಿ ಎರಡು ರಜಾಯಿ ಸುತ್ತಿ ಹಾರ್ಪ್ ಅನ್ನು ಆಶ್ರಮದ ಕಿಟಕಿಯ ಹೊರಗೆ ತಂದಿದ್ದಾರೆ. ಅವರಿಗೆ ನುಡಿಸಲು ಬಾರದು. ದಪ್ಪ ತಂತಿಯಿಂದ ಒಂದೊಂದಾಗಿ ಮೀಟುತ್ತಾರೆ, ಎಡಗೈ ಮಾತ್ರ ಬೆಸೆದ ಸೀಳಿನ ಮೇಲೆ. ಆ ಸೀಳು ತುಟಿ ಬಿಚ್ಚುವುದಿಲ್ಲ. ಹನ್ನೊಂದನೆಯ ತಂತಿಗೆ ಕಿಟಕಿಯ ಒಳಗೆ ಫಿಂಟನ್ನರ ಕೈ ಮೇಲೇಳುತ್ತದೆ.

“ನನ್ನವು ಕುದುರೆ ಕಿವಿ ಅಲ್ಲ, ಆದ್ರೂ ಅದರ ಶ್ರುತಿ ತಗ್ಗಿದ್ದು ಕೇಳಿಸ್ತದೆ! ನಿನ್ನ ಕಿವಿ ಎಲ್ಲಿಟ್ಟು ಬಂದೆ?”

ನೀಲಾಂಬಿಕಾ ಗೂಟವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮೀಟುತ್ತಾರೆ. ಮುದುಕರು ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ. ಉಳಿದ ಹದಿನೆಂಟು ತಂತಿಗೂ ಕಣ್ಣು ತೆರೆಯುವುದಿಲ್ಲ.

ವಾಪಸು ಬರುವಾಗ ಎದುರುಗಾಳಿ. ಇಳಿದು ಸೈಕಲ್ ತಳ್ಳುತ್ತ ಅವರು ಹೇಳುತ್ತಾರೆ: “ಬೈದ್ರಲ್ಲ? ಅಂದ್ರ ಕೇಳಿಸ್ತು.”