ಬೂದಿಗುಂಡಿಯಲ್ಲಿ ಪ್ರಾಸರ್

ನಮ್ಮ ವೇಲ್ಸ್ ಕಣಿವೆಯ ಹಳೆಯ ರೈಲ್ವೆಯಲ್ಲಿ ಗ್ವೆನ್ಲಿಯನ್‌ಳ ಅಪ್ಪ ಬೋಗಿಗಳಿಗೆ ಬಣ್ಣ ಹಚ್ಚುತ್ತಿದ್ದ. ಕಳಪೆ ವಾರ್ನಿಷ್ ತರಿಸಿದವನು ಮೇಸ್ತ್ರಿ ಪ್ರಾಸರ್. ಬಣ್ಣ ಎದ್ದು ಬಂದಾಗ ಕೆಲಸ ಕಳೆದುಕೊಂಡವನು ಅಪ್ಪ. ಆತ ಮತ್ತೆ ಕುಂಚ ಮುಟ್ಟದೆಯೇ ತೀರಿಕೊಂಡ.

ರೈಲ್ವೆ ಮುಚ್ಚಿತು, ಪ್ರಾಸರ್ ಕೂಡ ಸತ್ತ. ಗ್ವೆನ್ಲಿಯನ್‌ಳ ಸಿಟ್ಟು ಮಾತ್ರ ಸಾಯಲಿಲ್ಲ. ಶಾಲೆಯ ಅಡುಗೆ ಕೆಲಸ ಮುಗಿಸಿ ಬಂದು, ಆ ರೈಲ್ವೆಯ ಉಗಿ ಎಂಜಿನ್ನುಗಳನ್ನೂ ಬೋಗಿಗಳನ್ನೂ ಹಿತ್ತಾಳೆ ತಗಡಿನಲ್ಲಿ ಪುಟ್ಟದಾಗಿ ಕಟ್ಟಿದಳು. ಅಪ್ಪ ಹೇಳಿಕೊಟ್ಟಂತೆ ಬೋಗಿಗಳಿಗೆ ಏಳು ಸಲ ಬಣ್ಣ ಹಚ್ಚಿದಳು. ಆಮೇಲೆ, ಹಳಿಗಳ ನಡುವೆ ಎಂಜಿನ್ನಿನ ಬೂದಿ ಬೀಳುವ ಗುಂಡಿಯಲ್ಲಿ, ಬೆರಳ ತುದಿಯಷ್ಟು ಎತ್ತರದ ಪ್ರಾಸರ್‌ನ ಗೊಂಬೆ ಮಾಡಿ, ಕೈಗೆ ಸಲಿಕೆ ಕೊಟ್ಟು ನಿಲ್ಲಿಸಿದಳು. ಅದೇ ದಪ್ಪ ಮೀಸೆ, ಅದೇ ಗುಂಡು ಟೋಪಿ. ಊರಿನವರಿಗೆ ಗುರುತು ಸಿಗದೆ ಇರುವಂತಿರಲಿಲ್ಲ.

ಚರ್ಚಿನ ಸಭಾಂಗಣದಲ್ಲಿ ಪ್ರದರ್ಶನದ ದಿನ ಪ್ರಾಸರ್‌ನ ಹೆಂಡತಿಯೇ ಬಂದಳು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

“ಇದು ನಮ್ಮನೆಯವರಲ್ವೇನೇ?”

“ಹೌದು ಮಿಸೆಸ್ ಪ್ರಾಸರ್. ಬೇಕಂತಲೇ ಮಾಡಿದ್ದು. ತೆಗೆಯಲ್ಲ.”

“ತೆಗೆ ಅಂದವರ್ಯಾರು? ನಲವತ್ತು ವರ್ಷ ಮನೆ ಒಲೆ ಬೂದಿ ಎತ್ತಿದ್ದು ನಾನು ಕಣೇ. ಒಂದಿನ ಸಲಿಕೆ ಮುಟ್ಟಿದವನಲ್ಲ. ಇವನಿಗೆ ಟೋಪಿ ಬೇರೆ ಕೇಡು! ಕಿತ್ತಾಕು. ಕೆಂಡ ತಲೆ ಮೇಲೇ ಬೀಳ್ಲಿ.”

ಗ್ವೆನ್ಲಿಯನ್ ಚಾಕು ತೆಗೆದು ಟೋಪಿಯನ್ನು ಹೆರೆದು ಹಾಕಿದಳು. ಆಮೇಲೆ ಇಬ್ಬರೂ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು, ಚಹಾ ಆರಿಹೋದರೂ ಗಮನಿಸದೆ, ಅವನ ಬೋಳುತಲೆಯ ಮೇಲೆ ರೈಲು ಓಡಿಸುತ್ತ ಕೂತರು.